ಮುಂದಿನ ಬ್ರೇಕ್ ಹಿಡಿದರೆ ಸೈಕಲ್ ಪಲ್ಟಿ ಹೊಡೆಯುತ್ತದೆಯೇ? ಕಾಡುದಾರಿಯ ಹೊಸ ಸವಾರರು ತಿಳಿಯಬೇಕಾದದ್ದು

ಮೌಂಟೇನ್ ಬೈಕಿಂಗ್ ಕಲಿಯಲು ಹಿಮಾಲಯಕ್ಕೆ ಹೋಗಬೇಕಿಲ್ಲ. ಊರಂಚಿನ ಸಣ್ಣ ಕಾಡು ಸಾಕು. ಬೆಂಗಳೂರಿನ ದಕ್ಷಿಣಕ್ಕಿರುವ ತುರಹಳ್ಳಿ ಕಾಡು ಅಂಥದ್ದೊಂದು ಸಣ್ಣ ಕಾಡು. ಸುತ್ತ ಬಡಾವಣೆಗಳು, ನಡುವೆ ಬಂಡೆ, ಮರ ಮತ್ತು ಮಣ್ಣಿನ ಕಾಲುದಾರಿ. ಆದರೆ ಇಂಥ ದಾರಿಗೆ ಇಳಿಯುವ ಹೊಸಬರಿಗೆ ಸಿಗುವ ಸಲಹೆಗಳೆಲ್ಲ ಸರಿಯಲ್ಲ. ಕೆಲವನ್ನು ನಂಬಿದರೆ ಕೈಕಾಲು ಮುರಿದುಕೊಳ್ಳಬೇಕಾದೀತು.

ನಂಬಿಕೆ 1: ಮುಂದಿನ ಬ್ರೇಕ್ ಮುಟ್ಟಲೇಬಾರದು

ಇದು ಅರ್ಧ ಸತ್ಯ. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲುತ್ತೇವಲ್ಲ, ಸೈಕಲ್ಲಿನಲ್ಲೂ ಆಗುವುದು ಅದೇ. ವೇಗ ತಗ್ಗುತ್ತಿದ್ದಂತೆ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ನೆಲದ ಹಿಡಿತ ಕಡಿಮೆ. ಹಾಗಾಗಿ ಹಿಂದಿನ ಬ್ರೇಕನ್ನಷ್ಟೇ ಒತ್ತಿದರೆ ಚಕ್ರ ಜಾರುತ್ತದೆ, ಸೈಕಲ್ ಬೇಗ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಇದು ಇನ್ನೂ ಅಪಾಯ.

ಹಾಗಾದರೆ ಪಲ್ಟಿ ಹೊಡೆಯುವುದು ಯಾವಾಗ? ಮೈಭಾರವನ್ನು ಮುಂದಕ್ಕೆ ಹಾಕಿ, ಮುಂದಿನ ಬ್ರೇಕನ್ನು ಒಮ್ಮೆಲೇ ಬಿಗಿಯಾಗಿ ಹಿಡಿದಾಗ. ಪರಿಹಾರ ಸರಳ: ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಸಮವಾಗಿಟ್ಟು, ಸೊಂಟವನ್ನು ಹಿಂದಕ್ಕೆ ಸರಿಸಿ, ಮೊಣಕೈ ತುಸು ಬಗ್ಗಿಸಿ. ಎರಡೂ ಬ್ರೇಕನ್ನು ಒಂದೊಂದು ಬೆರಳಿನಿಂದ ನಿಧಾನವಾಗಿ ಒತ್ತಿ. ಜಲ್ಲಿ ಅಥವಾ ಒದ್ದೆ ಎಲೆ ಇರುವ ತಿರುವಿನಲ್ಲಿ ಮಾತ್ರ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ.

ಒಂದು ಎಚ್ಚರಿಕೆ: ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ಕೆಲವು ವಿದೇಶಿ ಸೈಕಲ್‌ಗಳಲ್ಲಿ ಅದು ಎಡಗೈಗಿರುತ್ತದೆ. ಬಾಡಿಗೆ ಅಥವಾ ಗೆಳೆಯರ ಸೈಕಲ್ ಹತ್ತುವ ಮುನ್ನ ನೋಡಿಕೊಳ್ಳಿ.

ನಂಬಿಕೆ 2: ದುಬಾರಿ ಸಸ್ಪೆನ್ಷನ್ ಸೈಕಲ್ಲೇ ಬೇಕು

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟ್ಯಾಮಲ್‌ಪೈಸ್ ಬೆಟ್ಟದ ಸುತ್ತಮುತ್ತ ಈ ಹವ್ಯಾಸ ಬೆಳೆಸಿದ ಯುವಕರ ಬಳಿ ಇದ್ದದ್ದು ಸಸ್ಪೆನ್ಷನ್ ಇಲ್ಲದ, ದಪ್ಪ ಟಯರಿನ ಹಳೆಯ ಸೈಕಲ್‌ಗಳು. ಇಳಿಜಾರಿನಲ್ಲಿ ಹಬ್ ಬ್ರೇಕ್ ಕಾದು ಗ್ರೀಸ್ ಸುಟ್ಟುಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದೇ ಹಾಗೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈ ಕ್ರೀಡೆ ಸೇರಿತು.

ಸಣ್ಣ ಕಾಡಿನ ಸುಲಭ ದಾರಿಗೆ ಬೇಕಾದದ್ದು ಸುಸ್ಥಿತಿಯ ಬ್ರೇಕ್, ಗುಬಟೆ ಇರುವ ಅಗಲ ಟಯರ್ ಮತ್ತು ಹೆಲ್ಮೆಟ್.

ನಂಬಿಕೆ 3: ಗಾಳಿ ಗಟ್ಟಿಯಾಗಿದ್ದರೆ ಒಳ್ಳೆಯದು

ಡಾಂಬರು ರಸ್ತೆಗೆ ಸರಿ. ಮಣ್ಣುದಾರಿಯಲ್ಲಿ ಗಟ್ಟಿ ಟಯರ್ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಸ್ವಲ್ಪ ಮೆದುವಾದ ಟಯರ್ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ. ತೀರಾ ಕಡಿಮೆ ಮಾಡಿದರೆ ಟ್ಯೂಬ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ. ಎಷ್ಟು ಗಾಳಿ ಇರಬೇಕೆಂಬ ಮಿತಿ ಟಯರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದರೊಳಗೇ ಇರಿ.

ನಂಬಿಕೆ 4: ಸೈಕಲ್ ಬಂದರೆ ಕಾಡು ಹಾಳು

ಕೆನಡಾದ ಆಂಟೇರಿಯೊದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಒಂದೇ ಜಾಗದಲ್ಲಿ 500 ಸಲದವರೆಗೆ ನಡೆದು, ಸೈಕಲ್ ಓಡಿಸಿ ಹೋಲಿಸಿತು. ಗಿಡಗಳಿಗೂ ಮಣ್ಣಿಗೂ ಆದ ಹಾನಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಹಾನಿಯೇ ಇಲ್ಲ ಎಂದಲ್ಲ. ದಾರಿ ಬಿಟ್ಟು ಹೊಸ ಜಾಡು ಮಾಡುವುದು, ಕೆಸರಿನಲ್ಲಿ ಓಡಿಸುವುದು, ಚಕ್ರ ಜಾರಿಸಿ ಆಟವಾಡುವುದು ಮಣ್ಣು ಕೊಚ್ಚಿಹೋಗಲು ದಾರಿಮಾಡುತ್ತವೆ. ಸಣ್ಣ ಕಾಡಿಗೆ ಈ ಪೆಟ್ಟು ಬೇಗ ತಾಗುತ್ತದೆ.

ಹೋಗುವ ಮುನ್ನ

ಅರಣ್ಯ ಇಲಾಖೆಯ ಜಾಗವಾದರೆ ಸೈಕಲ್ಲಿಗೆ ಅನುಮತಿ ಇದೆಯೇ, ಎಷ್ಟು ಹೊತ್ತಿನವರೆಗೆ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಮಳೆ ಬಂದ ಮರುದಿನ ಬೇಡ. ಒಬ್ಬರೇ ಹೋಗಬೇಡಿ. ನಡೆಯುವವರಿಗೆ ದಾರಿ ಬಿಡಿ. ಮೊದಲು ಒಂದು ಸುತ್ತು ನಿಧಾನವಾಗಿ ಹೋಗಿ ಬಂಡೆ, ಬೇರು, ತಿರುವು ಎಲ್ಲೆಲ್ಲಿವೆ ನೋಡಿಕೊಳ್ಳಿ. ಭಯವೆನಿಸಿದ ಕಡೆ ಇಳಿದು ಸೈಕಲ್ ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ.

ಒಟ್ಟಿನಲ್ಲಿ: ‘ಮುಂದಿನ ಬ್ರೇಕ್ ಮುಟ್ಟಬೇಡಿ’ ಎಂಬ ಸಲಹೆ ತಪ್ಪು. ‘ಎರಡೂ ಬ್ರೇಕ್, ನಿಧಾನವಾಗಿ, ಮೈ ಹಿಂದಕ್ಕೆ’ ಎಂಬುದು ಸರಿ. ಮಕ್ಕಳಿಗೆ ಸೈಕಲ್ ಕಲಿಸುತ್ತಿರುವವರಿಗೆ ಇದನ್ನು ಕಳುಹಿಸಿ.