ಮುಚ್ಚಿದ ಬಾವಿ ಎಲ್ಲಿತ್ತು?



ತಿ. ನರಸೀಪುರದ ಕಡೆಯ ಹೆಮ್ಮಿಗೆಯಂಥ ಊರಿನಲ್ಲಿ ಯಾರ ಹಿತ್ತಲಲ್ಲಾದರೂ ಮುಚ್ಚಿದ ಬಾವಿಯಿದ್ದರೆ ಅದು ಊರಿಗೆಲ್ಲ ಗೊತ್ತಿರುತ್ತದೆ. ಮಕ್ಕಳು ಅತ್ತ ಸುಳಿಯದಂತೆ ಹಿರಿಯರು ಎಚ್ಚರಿಸುತ್ತಲೇ ಇರುತ್ತಾರೆ. ಆದರೆ ಇಂಥ ಊರುಗಳಿಂದ ಹೊಟ್ಟೆಪಾಡಿಗಾಗಿ ಬೆಂಗಳೂರು ಸೇರಿದವರಿಗೆ ತಾವಿರುವ ಬಾಡಿಗೆ ಮನೆಯ ಕೆಳಗೆ ಏನಿದೆಯೆಂದು ತಿಳಿದಿರುತ್ತದೆಯೇ? ನೆಲದಡಿಯಲ್ಲಿ ರೈಲು ಓಡಿಸಲು ಯೋಜನೆ ಹಾಕುವವರಿಗೂ ಇದೇ ದೊಡ್ಡ ಪ್ರಶ್ನೆ.

ಬೆಂಗಳೂರಿನ ನಮ್ಮ ಮೆಟ್ರೋದ ಎರಡನೇ ಹಂತಕ್ಕೆ ಕೇಂದ್ರ ಸರಕಾರ 2014ರಲ್ಲಿ ಒಪ್ಪಿಗೆ ನೀಡಿತು. ಅದರಲ್ಲಿನ ಗುಲಾಬಿ ಮಾರ್ಗ ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ ಸುಮಾರು 21 ಕಿ.ಮೀ. ಉದ್ದವಿದೆ. ಈ ಪೈಕಿ ಸುಮಾರು 14 ಕಿ.ಮೀ. ನೆಲದಡಿಯಲ್ಲಿದೆ. ಶಿವಾಜಿನಗರ, ಟ್ಯಾನರಿ ರಸ್ತೆ, ಕಾಡುಗೊಂಡನಹಳ್ಳಿ ಮುಂತಾದ, ನಮ್ಮಲ್ಲಿ ಅನೇಕರ ಬಂಧುಬಳಗ ವಾಸಿಸುವ ಬಡಾವಣೆಗಳ ಅಡಿಯಲ್ಲೇ ಅದು ಸಾಗುತ್ತದೆ. ಗೋಡೆಗೆ ಗೋಡೆ ತಾಗಿದ ಮನೆಗಳು, ಇಕ್ಕಟ್ಟಾದ ಬೀದಿಗಳು. ಕಂಬ ನೆಟ್ಟು ಮೇಲ್ಸೇತುವೆ ಕಟ್ಟಬೇಕಾದರೆ ಎಷ್ಟೋ ಮನೆಗಳನ್ನು ಕೆಡವಬೇಕಾಗುತ್ತಿತ್ತು.

ಸುರಂಗವಾದರೆ ಮನೆಗಳು ಉಳಿಯುತ್ತವೆ ಎಂಬುದು ನಿಜ. ಆದರೆ ಪೂರ್ತಿ ನಿಜವಲ್ಲ. ನಿಲ್ದಾಣ ಕಟ್ಟಲು ಮೇಲಿನಿಂದಲೇ ಅಗೆಯಬೇಕು. ಅಲ್ಲಿನ ಮನೆ, ಅಂಗಡಿಗಳು ಹೋಗುತ್ತವೆ. ಆದ್ದರಿಂದಲೇ ನಿಲ್ದಾಣ ಎಲ್ಲಿರಬೇಕೆಂಬ ಚರ್ಚೆ ಯೋಜನೆಯ ಹಂತದಲ್ಲೇ ಆಗಬೇಕು. ದಂಡು ನಿಲ್ದಾಣವನ್ನು ರೈಲು ನಿಲ್ದಾಣದ ಬಳಿಯಿಂದ ಬಂಬೂ ಬಜಾರ್ ಕಡೆಗೆ ಸರಿಸಿದಾಗ ನಾಗರಿಕರು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ರೈಲಿಳಿದು ಗಂಟುಮೂಟೆ, ಮಕ್ಕಳೊಂದಿಗೆ ಮೆಟ್ರೋ ಹಿಡಿಯುವವರಿಗೆ ಆ ದೂರ ಸಣ್ಣದಲ್ಲ.

ಇನ್ನು ಕೊರೆಯುವ ಕೆಲಸ. ಬೆಂಗಳೂರಿನ ನೆಲದಲ್ಲಿ ಒಂದು ಕಡೆ ಗಟ್ಟಿ ಬಂಡೆ, ಪಕ್ಕದಲ್ಲೇ ಸಡಿಲ ಮಣ್ಣು. ಒಂಬತ್ತು ಯಂತ್ರಗಳು ದುಡಿದವು. ಮೊದಲನೆಯ ಊರ್ಜಾ, 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಹೊರಬಂತು. 2024ರ ಅಕ್ಟೋಬರ್‌ನಲ್ಲಿ ಕೊರೆತ ಮುಗಿಯಿತು. ಈ ನಡುವೆ 2021ರಲ್ಲಿ ಟ್ಯಾನರಿ ರಸ್ತೆಯ ಮನೆಯೊಂದರಲ್ಲಿ ಹಳೆಯ ಬಾವಿಯಿದ್ದ ಜಾಗ ಕುಸಿಯಿತು. ನಕ್ಷೆಯಲ್ಲಿ ಕಾಣದ ಬಾವಿಯ ಗುರುತು ಸಿಗುವುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ.

ಸುರಂಗ ಕೊರೆಯುವ ಮೊದಲು ಮೇಲಿನ ಕಟ್ಟಡಗಳ ಸಮೀಕ್ಷೆ ನಡೆಯುತ್ತದೆ. ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳನ್ನು ದಾಖಲಿಸುತ್ತಾರೆ. ಅವರು ಬರುವುದು ಹಗಲು ಹೊತ್ತಿನಲ್ಲಿ. ಆಗ ಮನೆಯಲ್ಲಿರುವುದು ಹೆಚ್ಚಾಗಿ ನೀವೇ. 'ಗಂಡಸರಿಲ್ಲ, ಸಂಜೆ ಬನ್ನಿ' ಎಂದು ಬಾಗಿಲು ಮುಚ್ಚಿದರೆ ಹೇಳಬೇಕಾದ ಮಾತು ಮನೆಯೊಳಗೇ ಉಳಿಯುತ್ತದೆ. ಗುರುತಿನ ಚೀಟಿ ಕೇಳಿ ನೋಡಿ. ನೆರೆಮನೆಯವರನ್ನು ಜೊತೆಗೆ ಕರೆದುಕೊಳ್ಳಿ. ಬಾವಿ, ಕೊಳವೆ ಬಾವಿ, ಹಳೆಯ ಪಾಯಿಖಾನೆ ಗುಂಡಿ ಎಲ್ಲಿತ್ತೆಂದು ತೋರಿಸಿ. ಬಿರುಕುಗಳ ಫೋಟೋ ತೆಗೆದು ದಿನಾಂಕ ಬರೆದಿಡಿ. ಅವರು ಬರೆದುಕೊಂಡದ್ದರ ಪ್ರತಿಯನ್ನು ಕೇಳಿ. ಸಹಿ ಹಾಕುವ ಮುನ್ನ ಓದಿಸಿ ಕೇಳಿ.

ಜಾಗ ಬಿಟ್ಟುಕೊಡಬೇಕಾದ ಮನೆಯಾದರೆ ಪತ್ರಗಳು ಯಾರ ಹೆಸರಿನಲ್ಲಿವೆ, ಹೆಣ್ಣುಮಕ್ಕಳ ಪಾಲು ಅದರಲ್ಲಿ ಕಾಣುತ್ತದೆಯೇ ಎಂದು ನೋಡಿ. ಪರಿಹಾರದ ಹಣ ಬಂದ ಮೇಲೆ ಪಾಲು ಕೇಳಿ ಮನಸ್ತಾಪ ಕಟ್ಟಿಕೊಳ್ಳುವುದಕ್ಕಿಂತ ಮೊದಲೇ ಹಿರಿಯರೊಂದಿಗೆ ಕುಳಿತು ಮಾತಾಡುವುದು ಲೇಸು. ಬಾಡಿಗೆದಾರರಿಗೂ ಸಣ್ಣ ಅಂಗಡಿಯವರಿಗೂ ಏನು ಸಿಗುತ್ತದೆಂದು ಲಿಖಿತವಾಗಿ ಕೇಳಬೇಕು.

ಇದು ಮುಗಿದ ಕತೆಯಲ್ಲ. ಸರ್ಜಾಪುರದಿಂದ ಹೆಬ್ಬಾಳದವರೆಗೆ ಸುಮಾರು 37 ಕಿ.ಮೀ. ಉದ್ದದ ಮತ್ತೊಂದು ಮಾರ್ಗಕ್ಕೆ ರಾಜ್ಯ ಸಚಿವ ಸಂಪುಟ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲೂ ಒಂದು ಭಾಗ ನೆಲದಡಿಯಲ್ಲೇ ಇದೆ. ಬೆಂಗಳೂರಿನಲ್ಲಿ ನಿಮ್ಮ ಮಗಳೋ ತಂಗಿಯೋ ಇದ್ದರೆ ಈ ಪುಟವನ್ನು ಅವರಿಗೂ ಓದಿ ಹೇಳಿ. ನಿಮ್ಮ ಮನೆಯ ದಾದಿಮಾರನ್ನು ಇವತ್ತೇ ಕೇಳಿ: ಮುಚ್ಚಿದ ಬಾವಿ ಎಲ್ಲಿತ್ತು? ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ.