ಬಿಡುವಿನ ವೇಳೆ: ಮರಿಮಾಡುವ ಮೀನಿಗೆ ತಕ್ಕ ನೆರೆಹೊರೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಮೊದಮೊದಲು ಬಣ್ಣಕ್ಕೆ ಮರುಳಾಗುವುದು ಸಹಜ. ಅಂಗಡಿಯಲ್ಲಿ ಕಂಡುದನ್ನೆಲ್ಲ ಒಂದೊಂದು ಜೊತೆಯಂತೆ ತಂದು ಒಂದೇ ನೀರಿಗೆ ಬಿಡುತ್ತಾರೆ. ನೋಟಕ್ಕೆ ಅದು ಸೊಗಸೇ ಸರಿ. ಆದರೆ ಆ ಮೀನುಗಳು ನಮ್ಮ ಮನೆಯಲ್ಲಿಯೇ ಸಂಸಾರ ಹೂಡಿ ಮರಿಮಾಡಲೆಂಬ ಆಸೆ ಹುಟ್ಟಿದ ದಿನದಿಂದ ಈ ಸಂತೆಯ ಏರ್ಪಾಡು ಸಾಗದು. ಕುಳ್ಳ ಸಿಕ್ಲಿಡ್ ಮೀನುಗಳ ವಿಷಯದಲ್ಲಂತೂ ಮರಿಗಳ ಅಳಿವು ಉಳಿವು ನೆರೆಹೊರೆಯವರನ್ನೇ ಅವಲಂಬಿಸಿರುತ್ತದೆ. ಈ ತಿಂಗಳು ಅದನ್ನು ವಿಚಾರಮಾಡೋಣ.

ಸಿಕ್ಲಿಡ್ ಕುಲವು ಬಲು ದೊಡ್ಡದು. ನಮ್ಮ ನಾಡೂ ಅದಕ್ಕೆ ಹೊರತಲ್ಲ. ದಕ್ಷಿಣ ಕನ್ನಡದ ಹೊಳೆಗಳಲ್ಲಿರುವ ಒಂದು ಜಾತಿಗೆ ಶಾಸ್ತ್ರಜ್ಞರು ಆ ಸೀಮೆಯ ಹೆಸರನ್ನೇ ಕೊಟ್ಟು ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಕರೆದಿದ್ದಾರೆ. ಆದರೆ ಗೃಹಸ್ಥರ ಸಣ್ಣ ತೊಟ್ಟಿಗೆ ಒಗ್ಗುವ ಕುಳ್ಳ ಜಾತಿಗಳು ಹೆಚ್ಚಾಗಿ ದಕ್ಷಿಣ ಅಮೆರಿಕದವು. ೧೯೪೮ರಲ್ಲಿ ಶಾಸ್ತ್ರೀಯ ನಾಮವನ್ನು ಪಡೆದ ರಾಮಿರೆಜಿ ಮೀನು ವೆನಿಜುವೆಲ, ಕೊಲಂಬಿಯ ದೇಶಗಳ ಒರಿನೋಕೊ ನದೀಪ್ರಾಂತದ್ದು. ೧೯೫೧ರಲ್ಲಿ ಹೆಸರು ಪಡೆದ ಅಪಿಸ್ಟೊಗ್ರಾಮ ಕಾಕಟುಆಯಿಡಿಸ್ ಅಮೆಜಾನ್ ನದೀಪ್ರಾಂತದ್ದು. ಗಂಡಿನ ಬೆನ್ನಿನ ಈಜುರೆಕ್ಕೆ ಕಾಕಟೂ ಹಕ್ಕಿಯ ಜುಟ್ಟಿನಂತೆ ನಿಮಿರಿರುವುದರಿಂದ ಅದಕ್ಕೆ ಆ ಹೆಸರು. ಇದರಲ್ಲಿ ಗಂಡು ಸುಮಾರು ೮ ಸೆಂಟಿಮೀಟರು, ಹೆಣ್ಣು ಸುಮಾರು ೫ ಸೆಂಟಿಮೀಟರು. ರಾಮಿರೆಜಿಯು ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಗಂಡುಹೆಣ್ಣುಗಳೆರಡೂ ಕಾಯುತ್ತವೆ. ಕಾಕಟೂ ಹೆಣ್ಣು ಗವಿಯ ಮಾಡಿಗೆ ಮೊಟ್ಟೆಗಳನ್ನು ಅಂಟಿಸಿ ತಾನೊಂದೇ ಕಾಯುತ್ತದೆ. ಗಂಡು ಹೊರಗಣ ಎಲ್ಲೆಯನ್ನು ನೋಡಿಕೊಳ್ಳುತ್ತದೆ.

ನನ್ನ ಅನುಭವವನ್ನೇ ಹೇಳುವೆನು. ೬೦ ಸೆಂಟಿಮೀಟರು ಉದ್ದದ ತೊಟ್ಟಿಯಲ್ಲಿ ಒಂದು ಜೊತೆ ಕಾಕಟೂ ಮೀನುಗಳನ್ನು ಬಿಟ್ಟು, ಗವಿಗೆಂದು ಬಾಯಿ ಕೊರೆದ ತೆಂಗಿನ ಕರಟವೊಂದನ್ನು ಬೋರಲಿಟ್ಟಿದ್ದೆನು. ತಳವನ್ನು ಶುಚಿಯಾಗಿಡುವುವೆಂಬ ನಂಬಿಕೆಯಿಂದ ಆರು ಕೋರಿಡೋರಾಸ್ ಮೀನುಗಳನ್ನೂ ತಂದೆನು. ಕೆಲವು ವಾರಗಳಲ್ಲಿ ಹೆಣ್ಣು ಅರಿಸಿನ ಬಳಿದಂತೆ ಹಳದಿಯಾಗಿ ಕರಟದ ಬಾಗಿಲನ್ನು ಹಿಡಿದು ನಿಂತಿತು. ನನ್ನ ಮಗಳು ಬ್ಯಾಟರಿ ದೀಪ ಹಿಡಿದು ಒಳಗಿನ ಕೆಂಪು ಮೊಟ್ಟೆಗಳನ್ನು ಅರುವತ್ತರವರೆಗೆ ಎಣಿಸಿದಳು. ಎರಡು ದಿನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮೂರನೆಯ ಬೆಳಗ್ಗೆ ಕರಟ ಬರಿದು. ತಾಯಿಯ ರೆಕ್ಕೆ ಹರಿದಿತ್ತು. "ಅಪ್ಪಾ, ತಾಯಿ ಕಾಯುತ್ತಿರಲಿಲ್ಲವೆ?" ಎಂದು ಮಗು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಉತ್ತರವು ಅನಂತರ ಹೊಳೆಯಿತು. ಸಿಕ್ಲಿಡ್ ಕಾಯುವುದು ಕಣ್ಣಿನಿಂದ. ದೀಪವಾರಿದ ಮೇಲೆ ಅದರ ಕಾವಲು ಕುಂದುತ್ತದೆ. ಕೋರಿಡೋರಾಸ್ ಮೀನಿಗಾದರೋ ಬೆಳಕು ಬೇಕಿಲ್ಲ. ಮೀಸೆಯಿಂದ ತಡವಿ ಕತ್ತಲಲ್ಲಿಯೇ ಆಹಾರವನ್ನು ಕಂಡುಕೊಳ್ಳುತ್ತದೆ. ಅದರ ಮೈಮೇಲೆ ಎಲುಬಿನ ಕವಚವಿರುವುದರಿಂದ ತಾಯಿಯ ಏಟೂ ಅದಕ್ಕೆ ನಾಟದು. ತಾಯಿ ಕರ್ತವ್ಯದಲ್ಲಿ ತಪ್ಪಲಿಲ್ಲ; ತಪ್ಪು ನನ್ನದು.

ಎರಡನೆಯ ಸಲ ಆ ಮೀನುಗಳನ್ನೆಲ್ಲ ತೆಗೆದು ಜೊತೆಯನ್ನು ಮಾತ್ರ ಉಳಿಸಿದೆನು. ಆಗ ಬೇರೆ ತೊಂದರೆ ಕಾಣಿಸಿತು. ಎರಡೂ ಸದಾ ಅಡಗಿರುತ್ತಿದ್ದವು. ಓಡಿಸಲು ಬೇರಾರೂ ಇಲ್ಲದ್ದರಿಂದ ಗಂಡು ಹೆಣ್ಣನ್ನೇ ಅಟ್ಟತೊಡಗಿತು. ಕಡೆಗೆ ಬೆದರಿದ ತಾಯಿ ತನ್ನ ಮೊಟ್ಟೆಗಳನ್ನು ತಾನೇ ತಿಂದಿತು. ಬೇಲಿಯೇ ಎದ್ದು ಹೊಲ ಮೇದಂತಾಯಿತು. ಮೇಲಣ ನೀರಿನಲ್ಲಿ ಸಣ್ಣ ಮೀನುಗಳು ನಿರ್ಭಯವಾಗಿ ಈಜುತ್ತಿದ್ದರೆ, ಸುತ್ತ ಶತ್ರುವಿಲ್ಲವೆಂದು ಸಿಕ್ಲಿಡ್ ಧೈರ್ಯಗೊಳ್ಳುತ್ತದೆ. ಆದಕಾರಣ ನೆರೆಯವರು ಬೇಡವೆಂದಲ್ಲ, ತಕ್ಕವರು ಬೇಕು.

ಮೂರನೆಯ ಸಲ ಎಂಟು ಪೆನ್ಸಿಲ್ ಮೀನುಗಳನ್ನು ಬಿಟ್ಟೆನು. ಇವು ದಕ್ಷಿಣ ಅಮೆರಿಕದ ಸಾಧುಪ್ರಾಣಿಗಳು. ಮೇಲ್ನೀರಿನಲ್ಲಿಯೇ ಇರುವುವು, ಬಾಯಿ ಅತಿ ಚಿಕ್ಕದು. ಜೊತೆಯು ಅಡಗುವುದನ್ನು ಬಿಟ್ಟಿತು. ಈ ಸಲ ಮೊಟ್ಟೆಗಳೊಡೆದು, ಮತ್ತೆ ಐದು ದಿನಗಳಲ್ಲಿ ತಾಯಿಯು ಮರಿಗಳ ಸಣ್ಣ ಮೋಡವನ್ನು ಕರಟದ ಹೊರಗೆ ನಡೆಸಿಕೊಂಡು ಬಂದಿತು. ಮಗಳು ಎಣಿಸಲು ಹೋಗಿ ಮೂವತ್ತಕ್ಕೆ ಸೋತಳು. ಪೆನ್ಸಿಲ್ ಮೀನುಗಳು ಒಂದೆರಡನ್ನು ಕಬಳಿಸಿದುದೂ ಉಂಟು. ಆದರೆ ತಾಯಿಯ ಹೆದರಿಕೆಯಿಂದ ಹತ್ತಿರ ಸುಳಿಯಲಿಲ್ಲ.

ಇದರಿಂದ ತಿಳಿಯತಕ್ಕ ಸಂಗತಿಗಳು ನಾಲ್ಕು. ಮೊದಲನೆಯದು ನೆಲೆ: ಸಿಕ್ಲಿಡ್ ತಳದ ಒಡೆಯ, ಆದ್ದರಿಂದ ನೆರೆಯವರು ಮೇಲ್ನೀರಿನವರಾಗಿರಬೇಕು. ಎರಡನೆಯದು ಬಾಯಿ: ಏಂಜಲ್ ಮೀನಿನಂತೆ ಮರಿಯನ್ನು ನುಂಗಬಲ್ಲುದು ಕೂಡದು. ಮೂರನೆಯದು ನಡತೆ: ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಆಗಲಿ, ಎಲ್ಲೆಗಾಗಿ ಕಾದಾಡುವ ಇನ್ನೊಂದು ಕುಳ್ಳ ಸಿಕ್ಲಿಡ್ ಆಗಲಿ ಸಣ್ಣ ತೊಟ್ಟಿಯಲ್ಲಿ ಸಲ್ಲದು. ನಾಲ್ಕನೆಯದು ನೀರು: ಇವಕ್ಕೆ ಮೆದು ನೀರು ಹಿತ, ಗಪ್ಪಿಗೆ ಗಡಸು ನೀರು ಹಿತ. ಕಾಕಟೂಗೆ ೨೫ರಿಂದ ೨೭ ಡಿಗ್ರಿ ಸೆಂಟಿಗ್ರೇಡ್ ಶಾಖ ಸಾಕು. ರಾಮಿರೆಜಿಗೆ ೨೮ರ ಸುಮಾರು ಬೇಕಾಗಿರುವುದರಿಂದ, ಆ ಬೆಚ್ಚಗನ್ನು ತಾಳುವ ಕಾರ್ಡಿನಲ್ ಟೆಟ್ರಾ ಅದಕ್ಕೆ ಒಪ್ಪುತ್ತದೆ. ನಿಯಾನ್ ಟೆಟ್ರಾ ತಂಪನ್ನು ಬಯಸುವುದು. ಟೆಟ್ರಾಗಳು ಮರಿಗಳನ್ನು ಹಿಡಿಯುವುದುಂಟೆಂಬುದನ್ನೂ ಮರೆಯಬಾರದು.

ಒಂದು ಮರಿಯೂ ಹೋಗಕೂಡದೆನ್ನುವವರು, ಮರಿಗಳು ಈಜತೊಡಗಿದೊಡನೆ ನೆರೆಯವರನ್ನು ಬೇರೆ ತೊಟ್ಟಿಗೆ ಮೆಲ್ಲಗೆ ಸಾಗಿಸಬಹುದು. ಉಳಿದವರು ಕೆಲವನ್ನು ಕಳೆದುಕೊಂಡು ಹಲವನ್ನು ಉಳಿಸಿಕೊಳ್ಳಲಿ. ಮೀನನ್ನು ಕೊಳ್ಳುವ ಮೊದಲು ಅದರ ಬಣ್ಣವನ್ನು ನೋಡುವಷ್ಟೇ ಹೊತ್ತು ಅದರ ಬಾಯನ್ನೂ ನೋಡಿದರೆ, ಮಕ್ಕಳ ಪ್ರಶ್ನೆಗೆ ಉತ್ತರವಿಲ್ಲದೆ ನಿಲ್ಲುವ ಪ್ರಸಂಗ ಬಾರದು. ಮರಿಗಳ ಆಹಾರದ ವಿಚಾರವನ್ನು ಮುಂದಿನ ತಿಂಗಳು ನೋಡೋಣ.