ಟೈಮರ್ ಸೊನ್ನೆಗೆ ಬಂದ್ಮೇಲೆ ಏನಾಗುತ್ತೆ?

ದೀಪಾವಳಿ ಸೇಲ್ ನಡೀತಿದ್ದ ಒಂದು ಭಾನುವಾರ. ನಾನು ಅಡುಗೆಮನೇಲಿ ಸಾರಿಗೆ ಒಗ್ಗರಣೆ ಹಾಕ್ತಿದ್ದೆ. ಹಾಲ್‌ನಿಂದ ಅಕ್ಕನ ಮಗಳು ಪುಟ್ಟಿ ಕೂಗಿದಳು, "ಚಿಕ್ಕೀ, ಬೇಗ ಬಾ! ಇನ್ನು ನಾಲ್ಕೇ ನಿಮಿಷ ಇದೆ!"

ಏನಾಯ್ತೋ ಅಂತ ಗಾಬರಿಯಲ್ಲಿ ಓಡಿದೆ. ಏನೂ ಆಗಿರಲಿಲ್ಲ. ಕೈಯಲ್ಲಿ ನನ್ನ ಫೋನು. ಪರದೆ ಮೇಲೆ ಮಣಿ ಪೋಣಿಸಿ ಬ್ರೇಸ್‌ಲೆಟ್ ಮಾಡೋ ಕಿಟ್, ಬೆಲೆ 499 ರೂಪಾಯಿ. ಅದರ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಟೈಮರ್ ಇಳೀತಾ ಇತ್ತು. ಪಕ್ಕದಲ್ಲಿ 'ಇನ್ನು 2 ಮಾತ್ರ ಉಳಿದಿವೆ' ಅನ್ನೋ ಸಾಲು. ಒಂಬತ್ತು ವರ್ಷದ ಹುಡುಗಿಯ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು.

"ಪಿನ್ ಹಾಕು ಚಿಕ್ಕಿ, ಪ್ಲೀಸ್. ಆಮೇಲೆ 999 ಆಗಿಬಿಡುತ್ತೆ."

ಬೈಯೋಕೆ ಬಾಯಿ ತೆರೆದವಳು ಸುಮ್ಮನಾದೆ. ಪಕ್ಕದಲ್ಲಿ ಕೂತು, "ಒಂದು ಕೆಲಸ ಮಾಡೋಣ. ಸೊನ್ನೆ ಆದ್ಮೇಲೆ ಏನಾಗುತ್ತೆ ನೋಡೋಣ" ಅಂದೆ. ಆ ನಾಲ್ಕು ನಿಮಿಷ ಅವಳು ನನ್ನ ತೋಳು ಹಿಡ್ಕೊಂಡೇ ಕೂತಿದ್ದಳು. ಟೈಮರ್ ಸೊನ್ನೆಗೆ ಬಂತು. ಪುಟ ಒಮ್ಮೆ ಮಿನುಗಿತು. ಮತ್ತೆ ಹತ್ತು ನಿಮಿಷದಿಂದ ಎಣಿಕೆ ಶುರು. ಬೆಲೆ ಅದೇ 499. ಉಳಿದಿದ್ದೂ ಅದೇ ಎರಡು.

ಪುಟ್ಟಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. "ಹಾಗಾದ್ರೆ ಇದು ಸುಳ್ಳು ಹೇಳ್ತಿತ್ತಾ?"

ಹೌದು ಅಂದೆ. ಮುಂದಿನ ಪ್ರಶ್ನೆಗೆ ಮಾತ್ರ ನಾನು ತಯಾರಿರಲಿಲ್ಲ. "ಇಂಥದ್ದನ್ನ ಯಾರು ಮಾಡ್ತಾರೆ?"

ಯಾರು ಮಾಡ್ತಾರೆ? ನನ್ನಂಥವರೇ ಮಾಡ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಪಿಂಗ್ ಪುಟಕ್ಕೆ ಇಂಥದೇ ಟೈಮರ್ ಬರೆದುಕೊಟ್ಟವಳು ನಾನೇ. ಹತ್ತಾರು ಸಾಲಿನ ಕೋಡ್, ಅಷ್ಟೇ. 600 ಸೆಕೆಂಡಿನಿಂದ ಇಳಿಸು, ಸೊನ್ನೆ ಆದರೆ ಮತ್ತೆ 600ಕ್ಕೆ ಹೋಗು. ಸ್ಟಾಕ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ, ಬೆಲೆಗೂ ಇರಲಿಲ್ಲ. ಅನಿಮೇಷನ್ ಚೆನ್ನಾಗಿ ಬಂದಿದೆ ಅಂತ ಟೀಮ್‌ನಲ್ಲಿ ಹೊಗಳಿಸಿಕೊಂಡಿದ್ದೆ ಕೂಡ. ಆ ಕೆಂಪು ಅಂಕಿ ನೋಡಿ ಯಾವುದೋ ಮನೇಲಿ ಒಂದು ಮಗು ಅಳಬಹುದು ಅಂತ ಆಗ ಒಂದು ಸಲವೂ ಹೊಳೆದಿರಲಿಲ್ಲ.

ಪುಟ್ಟಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳೇನೂ ಬೈಯಲಿಲ್ಲ. "ಇನ್ನೂ ಏನೇನು ಮೋಸ ಇದೆ, ತೋರಿಸು" ಅಂದಳು.

ತೋರಿಸಿದೆ. ಕಿಟ್ಟನ್ನು ಬುಟ್ಟಿಗೆ ಹಾಕಿ ಕೊನೆ ಪುಟದವರೆಗೆ ಹೋದೆವು. 499 ಇದ್ದದ್ದು 578 ಆಗಿತ್ತು. ಡೆಲಿವರಿಗೆ 40, ಹ್ಯಾಂಡ್ಲಿಂಗ್ ಅಂತ 29, ಜೊತೆಗೆ ನಾವು ಕೇಳದೇ ಟಿಕ್ ಆಗಿದ್ದ 10 ರೂಪಾಯಿ ದೇಣಿಗೆ. ಹಿಂದೆ ಬರೋಕೆ ಹೋದರೆ ಒಂದು ಬಟನ್, 'ಬೇಡ, ನನಗೆ ಉಳಿತಾಯ ಇಷ್ಟವಿಲ್ಲ.' ಪುಟ್ಟಿ ಓದಿ ನಕ್ಕಳು. "ನನಗೆ ಉಳಿತಾಯ ಇಷ್ಟ ಇದೆ, ಆದ್ರೆ ಇದು ಬೇಡ ಅನ್ನೋ ಬಟನ್ ಎಲ್ಲಿ?"

ಇವಕ್ಕೆಲ್ಲ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸೋದು, ಕೇಳದೇ ಬುಟ್ಟಿಗೆ ಸೇರಿಸೋದು, ಬೇಡ ಅನ್ನೋಕೆ ನಾಚಿಕೆಯಾಗೋ ಹಾಗೆ ಮಾಡೋದು, ಬೆಲೆಯನ್ನು ಹನಿಹನಿಯಾಗಿ ಕೊನೇಲಿ ತೋರಿಸೋದು ಎಲ್ಲ ಆ ಪಟ್ಟೀಲಿ ಇವೆ. ಒಂದೇ ಪುಟದಲ್ಲಿ ನಮಗೆ ನಾಲ್ಕೂ ಸಿಕ್ಕಿದವು. ನಿಯಮ ಬಂದಿದೆ, ಒಳ್ಳೇದು. ಆದರೆ ಫೋನು ಹಿಡಿದ ಮಗುವಿನ ಪಕ್ಕ ನಿಯಮ ಬಂದು ಕೂರಲ್ಲ, ನಾವೇ ಕೂರಬೇಕು.

ಆ ರಾತ್ರಿ ನನಗೆ ನೆನಪಾಗಿದ್ದು ನಮ್ಮೂರಿನ ಶೆಟ್ಟರ ಅಂಗಡಿ.

ಪುಟ್ಟಿಯ ವಯಸ್ಸಲ್ಲಿ ಅಮ್ಮ ನನ್ನ ಕೈಗೆ ಒಂದು ಚೀಟಿ, ಐವತ್ತರ ನೋಟು, ಬಟ್ಟೆ ಚೀಲ ಕೊಟ್ಟು ಕಳಿಸ್ತಿದ್ದಳು. ಅರ್ಧ ಕೆಜಿ ಬೆಲ್ಲ, ಕಾಲು ಕೆಜಿ ಕಡಲೆಬೇಳೆ, ಒಂದು ಸೋಪು. ತಕ್ಕಡಿ ಮುಳ್ಳು ನೋಡು, ಚಿಲ್ಲರೆ ಅಲ್ಲೇ ಎಣಿಸು, ಇಷ್ಟೇ ಪಾಠ. ಒಂದು ದಿನ ಅಂಗಡಿಯವರು ಎರಡು ರೂಪಾಯಿ ಚಿಲ್ಲರೆ ಬದಲು ನಾಲ್ಕು ಚಾಕ್ಲೇಟ್ ಕೊಟ್ಟರು. ನಾನು ಖುಷಿಯಾಗಿ ಒಂದನ್ನು ಬಾಯಿಗೆ ಹಾಕ್ಕೊಂಡು ಮನೆಗೆ ಬಂದೆ. ಅಮ್ಮ ಉಳಿದ ಮೂರನ್ನು ನನ್ನ ಕೈಗೇ ಕೊಟ್ಟು ವಾಪಸ್ ಕಳಿಸಿದಳು. "ನಮ್ಮ ದುಡ್ಡು ನಾವು ಕೇಳೋಕೆ ನಾಚಿಕೆ ಯಾಕೆ? ಹೋಗಿ ಕೇಳು."

ಅಂಗಡಿ ಮುಂದೆ ಹತ್ತು ನಿಮಿಷ ನಿಂತೆ. ದೊಡ್ಡವರೆಲ್ಲ ಬಂದು ಹೋದರು. ಕೊನೆಗೆ ಕಾಲಬೆರಳು ನೋಡ್ತಾ ಕೇಳಿದೆ. ಶೆಟ್ಟರು ನಕ್ಕು ಒಂದೂವರೆ ರೂಪಾಯಿ ಕೊಟ್ಟರು. ಆವತ್ತು ಮನೆಗೆ ಎಷ್ಟು ಸೆಟೆದುಕೊಂಡು ನಡೆದು ಬಂದೆ ಅಂದ್ರೆ, ಈಗಲೂ ನೆನಪಿದೆ.

ಈಗ ಯೋಚಿಸಿದರೆ ಅಮ್ಮ ಕಲಿಸಿದ್ದು ಲೆಕ್ಕ ಅಲ್ಲ. ಲೆಕ್ಕ ಶಾಲೇಲೂ ಕಲೀಬಹುದು. ಅವಳು ಕಲಿಸಿದ್ದು ಅವಸರ ಬೀಳದೇ ನಿಲ್ಲೋದು, ನಾಚದೇ ಕೇಳೋದು. ನಾವು ಕೋಡ್ ಬರೆದು ಮಕ್ಕಳಿಂದ ಕಸಿದುಕೊಳ್ತಿರೋದೂ ಅವೆರಡನ್ನೇ.

ಇನ್ನೊಂದು ಕಷ್ಟ ಇದೆ. ಪುಟ್ಟಿ ದುಡ್ಡನ್ನು ನೋಡೋದೇ ಅಪರೂಪ. ತರಕಾರಿಗೆ ಸ್ಕ್ಯಾನ್, ಹಾಲಿಗೆ ಸ್ಕ್ಯಾನ್, ಆಟೋಗೂ ಸ್ಕ್ಯಾನ್. ಅವಳ ಕಣ್ಣಿಗೆ ಸಾಮಾನು ಕೊಳ್ಳೋದು ಅಂದ್ರೆ ಫೋನು 'ಟಿಂಗ್' ಅನ್ನೋದು. ಪರ್ಸ್ ತೆಳುವಾಗೋದು ಕಾಣದಿದ್ದ ಮಗುವಿಗೆ 'ದುಡ್ಡಿಲ್ಲ' ಅಂದ್ರೆ ಹೇಗೆ ಅರ್ಥ ಆಗಬೇಕು? ಈ ವಿಷಯದಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆಯೋ ಮಕ್ಕಳ ಸಂತೆ, ಮೆಟ್ರಿಕ್ ಮೇಳ ನೋಡಿದರೆ ಖುಷಿಯಾಗುತ್ತೆ. ಮಕ್ಕಳೇ ಸೊಪ್ಪು, ನಿಂಬೆಹಣ್ಣು ಹರಡಿಕೊಂಡು ಕೂತು, ತೂಗಿ, ಚೌಕಾಸಿ ಮಾಡಿ ಮಾರ್ತಾರೆ. ಮಾರಿ ನೋಡಿದವರಿಗೆ ಕೊಳ್ಳೋ ಬುದ್ಧಿ ತಾನಾಗಿ ಬರುತ್ತೆ.

ನಮಗೆ ಸಿಕ್ಕ ಸಂತೆ ಬಸವನಗುಡಿಯದು. ಕಾರ್ತಿಕ ಮಾಸದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ. ಅಕ್ಕನ ಒಪ್ಪಿಗೆ ತಗೊಂಡು ಪುಟ್ಟಿ ಕೈಗೆ ಇನ್ನೂರು ರೂಪಾಯಿ ಕೊಟ್ಟೆ, ಹತ್ತು ಮತ್ತು ಇಪ್ಪತ್ತರ ನೋಟುಗಳಲ್ಲಿ. "ಇದು ನಿಂದು. ಏನು ಬೇಕಾದ್ರೂ ತಗೋ. ಮುಗಿದ ಮೇಲೆ ನನ್ನನ್ನ ಕೇಳೋ ಹಾಗಿಲ್ಲ."

ದೊಡ್ಡ ಬಸವಣ್ಣನ ದೇವಸ್ಥಾನದ ರಸ್ತೆ ತಿರುಗುತ್ತಿದ್ದ ಹಾಗೇ, ಮೊದಲನೇ ಅಂಗಡೀಲೇ ಬಣ್ಣಬಣ್ಣದ ಲೈಟಿನ ತಿರುಗಣಿ. 120 ರೂಪಾಯಿ. "ಮುಂದೆ ಇನ್ನೂ ಅಂಗಡಿಗಳಿವೆ" ಅಂತ ಒಂದು ಸಲ ಹೇಳಿದೆ. ಕೇಳಲಿಲ್ಲ. ತಗೊಂಡಳು. ಐವತ್ತು ಹೆಜ್ಜೆ ಮುಂದೆ ಅದೇ ತಿರುಗಣಿ, ಅದೇ ಬಣ್ಣ, 60 ರೂಪಾಯಿ.

ಆ ಮುಖ ನೋಡೋಕೆ ಆಗಲಿಲ್ಲ. ತುಟಿ ನಡುಗ್ತಿತ್ತು. ನನ್ನ ಕೈ ಪರ್ಸ್ ಮೇಲೇ ಇತ್ತು. ಅರವತ್ತು ರೂಪಾಯಿ ಏನು ಮಹಾ, ಕೊಟ್ಟುಬಿಡೋಣ ಅಂತ ಮನಸ್ಸು. ಕೊಡಲಿಲ್ಲ. ಬೈಯಲೂ ಇಲ್ಲ. 'ನಾನು ಹೇಳಿರಲಿಲ್ವಾ' ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಂಬತ್ತನೇ ವಯಸ್ಸಲ್ಲಿ ಅರವತ್ತು ರೂಪಾಯಿಗೆ ಆಗೋ ತಪ್ಪು, ಇಪ್ಪತ್ತೊಂಬತ್ತರಲ್ಲಿ ಅರವತ್ತು ಸಾವಿರಕ್ಕೆ ಆಗೋದಕ್ಕಿಂತ ವಾಸಿ. ಇದನ್ನ ಅನುಭವದಿಂದಲೇ ಹೇಳ್ತಿದ್ದೀನಿ. ಮೊದಲ ವರ್ಷದ ಸಂಬಳದಲ್ಲಿ ಇಎಂಐಗೆ ತಗೊಂಡ ಟ್ರೆಡ್‌ಮಿಲ್ ಮೇಲೆ ಈಗ ಬಟ್ಟೆ ಒಣಗ್ತಾ ಇದೆ.

ಆಮೇಲೆ ಪುಟ್ಟಿ ಕಡಲೆಕಾಯಿ ಕೊಳ್ಳೋ ಮೊದಲು ನಾಲ್ಕು ಗುಡ್ಡೆ ಸುತ್ತಿದಳು. ಹಸಿದೆಷ್ಟು, ಹುರಿದದ್ದೆಷ್ಟು ಕೇಳಿದಳು. ಒಂದೆರಡು ಬಿಡಿಸಿ ಬಾಯಿಗೆ ಹಾಕ್ಕೊಂಡಳು. ಒಬ್ಬ ಅಜ್ಜಿ ಹತ್ತಿರ, "ಅಲ್ಲಿ ಹತ್ತು ರೂಪಾಯಿ ಕಮ್ಮಿ ಹೇಳಿದ್ರು ಅಜ್ಜಿ" ಅಂತ ಅಂದೇಬಿಟ್ಟಳು. ಅಜ್ಜಿ ಬೆಲೆ ಇಳಿಸಲಿಲ್ಲ, ಆದರೆ ಅಳತೆ ಮೇಲೆ ಒಂದು ಹಿಡಿ ಜಾಸ್ತಿ ಹಾಕಿದರು. ಮನೆಗೆ ಬರೋವರೆಗೂ ಆ ಹಿಡಿ ಕಡಲೆಕಾಯಿಯದೇ ಮಾತು.

ಅಲ್ಲಿಂದೀಚೆಗೆ ಅಕ್ಕನ ಮನೇಲಿ ಕೆಲವು ಅಭ್ಯಾಸ ಮಾಡ್ಕೊಂಡಿದ್ದೀವಿ. ನಿಮಗೂ ಉಪಯೋಗಕ್ಕೆ ಬರಬಹುದು.

ಪ್ಯಾಕೆಟ್ ತಿರುಗಿಸಿ ಓದೋದು. ಎಂಆರ್‌ಪಿ ಅಂದ್ರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ, ಕಮ್ಮಿಗೆ ಕೊಡಬಹುದು. ತಯಾರಾದ ದಿನ, ಎಷ್ಟು ದಿನ ಬಾಳುತ್ತೆ, ಎಷ್ಟು ಗ್ರಾಂ, ಎಲ್ಲ ಅದರ ಮೇಲೇ ಇರುತ್ತೆ. ಪದಾರ್ಥಗಳ ಪಟ್ಟೀಲಿ ಯಾವುದು ಜಾಸ್ತಿ ಇದೆಯೋ ಅದೇ ಮೊದಲು ಬರುತ್ತೆ. 'ಹಣ್ಣಿನ ಪಾನೀಯ'ದಲ್ಲಿ ನೀರು, ಸಕ್ಕರೆ ಆದ್ಮೇಲೆ ಹಣ್ಣು ಅಂತ ಓದಿದ ದಿನ ಪುಟ್ಟಿಗೆ ಬಹಳ ಕೋಪ ಬಂದಿತ್ತು.

ಗ್ರಾಂ ಲೆಕ್ಕ ಹಾಕೋದು. ಒಂದು ಚಿಪ್ಸ್ 10 ರೂಪಾಯಿಗೆ 40 ಗ್ರಾಂ. ಅದರದೇ ದೊಡ್ಡ ಪ್ಯಾಕ್ 50 ರೂಪಾಯಿಗೆ 180 ಗ್ರಾಂ. ಐದು ಚಿಕ್ಕದು ತಗೊಂಡರೆ ಅದೇ ಐವತ್ತಕ್ಕೆ 200 ಗ್ರಾಂ! ಇದನ್ನ ಪುಟ್ಟಿಯೇ ಕಂಡುಹಿಡಿದಳು. ದೊಡ್ಡದು ಯಾವಾಗಲೂ ಅಗ್ಗ ಅಂತ ನಾನು ನಂಬಿಕೊಂಡಿದ್ದೆ.

ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡೋದು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಇದು ಕಡ್ಡಾಯ. ಪರಿಷೆಯ ತಿರುಗಣಿ ಮೇಲೆ ಆ ಗುರುತು ಇರಲಿಲ್ಲ ಅಂತ ಮನೆಗೆ ಬಂದ ಮೇಲೆ ಗೊತ್ತಾಯ್ತು. ಅದು ಅವಳ ತಪ್ಪಲ್ಲ, ನನ್ನದು.

ಆನ್‌ಲೈನ್ ಬುಟ್ಟೀಲಿ ಒಂದು ರಾತ್ರಿ ಮಲಗಿಸೋದು. ಬೆಳಗ್ಗೆ ಎದ್ದಾಗಲೂ ಬೇಕು ಅನ್ಸಿದರೆ ಮಾತ್ರ ಮುಂದಿನ ಮಾತು. ಕೊಳ್ಳೋ ಮೊದಲು ಕೊನೆ ಪುಟದ ಒಟ್ಟು ಬೆಲೆ ನೋಡಬೇಕು, ವಾಪಸಾತಿ ನಿಯಮ ಓದಬೇಕು, ಐದು ಸ್ಟಾರ್‌ಗಿಂತ ಮೊದಲು ಒಂದು ಸ್ಟಾರ್ ಕೊಟ್ಟವರು ಏನಂದಿದ್ದಾರೆ ನೋಡಬೇಕು.

ಪಿನ್, ಓಟಿಪಿ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಫೋನಿನ ಆಪ್ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇವತ್ತೇ ಸೆಟ್ ಮಾಡಿ, ಎರಡು ನಿಮಿಷದ ಕೆಲಸ. ಮಕ್ಕಳ ಮುಂದೆ ಪಿನ್ ಒತ್ತುವಾಗ ಕೈ ಅಡ್ಡ ಇಟ್ಟುಕೊಳ್ಳಿ. ಇನ್ನೊಂದು ಮಾತು ಪುಟ್ಟಿಗೆ ಮಗ್ಗಿ ಥರ ಬಾಯಿಪಾಠ: ದುಡ್ಡು ಕೊಡೋಕೆ ಮಾತ್ರ ಪಿನ್, ಬರೋಕೆ ಪಿನ್ ಬೇಡ. 'ಬಹುಮಾನ ಬಂದಿದೆ, ಪಿನ್ ಹಾಕಿ ತಗೊಳ್ಳಿ' ಅಂದರೆ ಅದು ಮೋಸವೇ. ದುಡ್ಡು ಹೋಗೇಬಿಟ್ಟರೆ ತಡಮಾಡದೇ 1930ಕ್ಕೆ ಫೋನ್ ಮಾಡಿ. ಸಾಮಾನು ಸರಿ ಇಲ್ಲ, ಅಂಗಡಿಯವರು ಕೇಳ್ತಿಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915.

ಎಲ್ಲಕ್ಕಿಂತ ಮುಖ್ಯ, ತಪ್ಪಾದರೆ ಮಗು ನಮ್ಮ ಹತ್ತಿರ ಬಂದು ಹೇಳೋ ಹಾಗಿರಬೇಕು. ಬೈತಾರೆ ಅಂತ ಮುಚ್ಚಿಟ್ಟ ಅರ್ಧ ಗಂಟೆಯಲ್ಲೇ ಖಾತೆ ಖಾಲಿ ಆಗಬಹುದು.

ಆ ಮಣಿ ಕಿಟ್ ಏನಾಯ್ತು ಅಂತೀರಾ? ಒಂದು ರಾತ್ರಿ ಕಳೆದರೂ ಪುಟ್ಟಿಗೆ ಅದು ಬೇಕೇ ಇತ್ತು. ಬೇಕು ಅನ್ನೋದು ತಪ್ಪಲ್ಲವಲ್ಲ. ಚಿಕ್ಕಪೇಟೆಯಲ್ಲಿ ಬಿಡಿ ಮಣಿ, ಎಲಾಸ್ಟಿಕ್ ದಾರ ಸಿಕ್ಕಿತು, ಒಟ್ಟು 140 ರೂಪಾಯಿ. ಮೊದಲ ಬ್ರೇಸ್‌ಲೆಟ್ ನನ್ನ ಕೈಯಲ್ಲಿದೆ. ಗಂಟು ಸಡಿಲ, ಎರಡು ಸಲ ಬಿಚ್ಚಿಹೋಗಿದೆ.

ಹೋದ ವಾರ ಆಫೀಸಿನ ಮೀಟಿಂಗ್‌ನಲ್ಲಿ ಹೊಸ ಪುಟವೊಂದಕ್ಕೆ ಟೈಮರ್ ಹಾಕೋಣ ಅನ್ನೋ ಮಾತು ಬಂತು. ನನಗೆ ಶೆಟ್ಟರ ಅಂಗಡಿ ಮುಂದೆ ನಿಂತ ಹಾಗೇ ಆಯ್ತು. ಬ್ರೇಸ್‌ಲೆಟ್ ತಿರುಗಿಸ್ತಾ ಕೂತಿದ್ದವಳು ಕೇಳಿದೆ, "ಇದು ಸೊನ್ನೆಗೆ ಬಂದ್ಮೇಲೆ ಏನಾಗುತ್ತೆ?"

ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಮುಂದಿನ ಮೀಟಿಂಗ್‌ನಲ್ಲಿ ನೋಡೋಣ ಅಂದರು. ಆಗಲೂ ಕೇಳ್ತೀನಿ.